ಐದು ಕಿಲೋ ಮೀನನ್ನು ವಾಪಸ್ ನೀರಿಗೆ ಬಿಡುವುದು ಯಾಕೆ? ಗಾಲ್ವೆಸ್ಟನ್‌ನ ರೆಡ್‌ಫಿಶ್ ಬೇಟೆಯ ಒಳಹೊರಗು

ಯುಗಾದಿ ಕಳೆದ ಮೇಲೆ ಒಂದು ಶನಿವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಹಾಕಿದ್ದೆ. ಟೆಕ್ಸಸ್‌ನ ಗಾಲ್ವೆಸ್ಟನ್ ಕೊಲ್ಲಿ, ಸಣ್ಣದೊಂದು ದೋಣಿ, ನನ್ನ ಕೈಯಲ್ಲಿ 31 ಇಂಚಿನ ಮೀನು. ವಿಡಿಯೊದ ಕೊನೆಯಲ್ಲಿ ಆ ಮೀನನ್ನು ನೀರಿಗೆ ಬಿಟ್ಟೆ. ಕುಮಟಾದಲ್ಲಿ ಬೆಳಗಿನ ಚಹಾದ ಹೊತ್ತಿಗೆ ಸೋದರಮಾವನ ಫೋನ್ ಬಂತು. "ಐದು ಕಿಲೋ ಮೀನು ಹಿಡಿದು ಬಿಟ್ಟು ಬಂದ್ಯಲ್ಲೋ, ತಲೆ ಕೆಟ್ಟಿದ್ಯಾ? ಅದೂ ದೋಣಿಗೆ ದುಡ್ಡು ಕೊಟ್ಟು!"

ಮಾವ ಕೇಳಿದ್ದು ನ್ಯಾಯವಾಗಿಯೇ ಇದೆ. ಹೂಸ್ಟನ್‌ನಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಮಾರ್ಚ್, ಏಪ್ರಿಲ್ ಬಂತೆಂದರೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ವಾರಾಂತ್ಯಕ್ಕೆ ಎಲ್ಲರೂ 80 ಕಿಲೋಮೀಟರ್ ದೂರದ ಗಾಲ್ವೆಸ್ಟನ್‌ಗೆ ಹೋಗುತ್ತಾರೆ. ಅಲ್ಲಿನ ದೋಣಿ ಕಟ್ಟೆಯಲ್ಲಿ 'ಗೈಡೆಡ್ ಇನ್‌ಶೋರ್ ಫಿಶಿಂಗ್, ರೆಡ್‌ಫಿಶ್' ಎಂಬ ಬೋರ್ಡು ಕಾಣುತ್ತದೆ. ಯಾವ ಮೀನು? ಇನ್‌ಶೋರ್ ಅಂದರೆ ಎಲ್ಲಿ? ಗಾಳ ಹಾಕಲು ಗೈಡ್ ಯಾಕೆ? ಒಂದೊಂದಾಗಿ ನೋಡೋಣ. ಮಾವನ ಪ್ರಶ್ನೆಗೆ ಉತ್ತರ ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ, ಯಾಕೆಂದರೆ ಮೊದಲು ಮೀನಿನ ಜಾತಕ ಗೊತ್ತಾಗಬೇಕು.

ಕೆಂಪಲ್ಲದ ಕೆಂಪು ಮೀನು

ಹೆಸರು ರೆಡ್‌ಫಿಶ್. ಬಣ್ಣ ಕೆಂಪಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆಯದು. ಹೊಟ್ಟೆ ಬಿಳಿ. ಬಾಲದ ಬುಡದಲ್ಲಿ ಒಂದು ಕಪ್ಪು ಬೊಟ್ಟು, ಮಗುವಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟಿನ ಹಾಗೆ. ಕೆಲವು ಮೀನಿಗೆ ಎರಡು, ಮೂರು, ಇನ್ನೂ ಜಾಸ್ತಿ ಇರುವುದೂ ಉಂಟು. ಈ ಬೊಟ್ಟು ಮಾಡುವ ಕೆಲಸವೂ ಹೆಚ್ಚುಕಡಿಮೆ ದೃಷ್ಟಿಬೊಟ್ಟಿನದೇ ಎನ್ನುತ್ತಾರೆ. ಹಿಡಿಯಲು ಬಂದ ದೊಡ್ಡ ಮೀನು ಅದನ್ನು ಕಣ್ಣೆಂದು ತಿಳಿದು ಬಾಲಕ್ಕೆ ಬಾಯಿ ಹಾಕುತ್ತದೆ, ಅಷ್ಟರಲ್ಲಿ ಇದು ತಪ್ಪಿಸಿಕೊಳ್ಳುತ್ತದೆ.

ಸರ್ಕಾರಿ ಕಾಗದದಲ್ಲಿ ಇದರ ಹೆಸರು ರೆಡ್ ಡ್ರಮ್. ಡ್ರಮ್ ಅಂದರೆ ಡೋಲೇ. ಮೀನಿನ ಹೊಟ್ಟೆಯೊಳಗೆ ಗಾಳಿ ತುಂಬಿದ ಒಂದು ಚೀಲ ಇರುತ್ತದೆ. ಅದರ ಪಕ್ಕದ ಸ್ನಾಯುಗಳನ್ನು ಅದುರಿಸಿ ಗಂಡು ಮೀನು ಡೋಲು ಬಡಿದಂಥ ಸದ್ದು ಮಾಡುತ್ತದೆ, ಹೆಣ್ಣನ್ನು ಕರೆಯಲು. ನಮ್ಮ ಮಂಗಳೂರು ಕಡೆ ಕಲ್ಲೂರು ಅನ್ನುತ್ತಾರಲ್ಲ, ಅದೂ ಇದೇ ಬಳಗದ್ದು.

ಇನ್ನು ಇದರ ಜಾತಕ. ಆಗಸ್ಟ್‌ನಿಂದ ನವೆಂಬರ್ ನಡುವೆ, ಕೊಲ್ಲಿ ಸಮುದ್ರಕ್ಕೆ ಸೇರುವ ಬಾಯಿಯ ಹತ್ತಿರ ದೊಡ್ಡ ಮೀನುಗಳು ಮೊಟ್ಟೆ ಇಡುತ್ತವೆ. ಮೊಟ್ಟೆ, ಮರಿಗಳನ್ನು ನೀರಿನ ಸೆಳೆತವೇ ಕೊಲ್ಲಿಯೊಳಗೆ ತಂದು ಬಿಡುತ್ತದೆ. ಅಲ್ಲಿನ ಹುಲ್ಲು, ಕೆಸರು, ಕಾಲುವೆಗಳ ನಡುವೆ ಮರಿಗಳು ಬೆಳೆಯುತ್ತವೆ. ಮೂರು ನಾಲ್ಕು ವರ್ಷ ಅಲ್ಲೇ. ಆಮೇಲೆ ಮೊಟ್ಟೆ ಇಡುವ ವಯಸ್ಸಿಗೆ ಬಂದು ಮೆಕ್ಸಿಕೊ ಕೊಲ್ಲಿಯ ದೊಡ್ಡ ನೀರಿಗೆ ಹೊರಟು ಹಿಂಡು ಸೇರುತ್ತವೆ. ಅಲ್ಲಿ 40 ವರ್ಷದವರೆಗೂ ಬದುಕಬಲ್ಲವು. ಇಂಥ ದೊಡ್ಡದಕ್ಕೆ ಅಲ್ಲಿನವರು 'ಬುಲ್ ರೆಡ್' ಅನ್ನುತ್ತಾರೆ, ಹೆಣ್ಣಾದರೂ ಸರಿ. ಗಾಳಕ್ಕೆ ಸಿಕ್ಕ ರೆಡ್‌ಫಿಶ್‌ಗಳಲ್ಲಿ ದಾಖಲೆಯದ್ದು 94 ಪೌಂಡ್ 2 ಔನ್ಸ್, ಅಂದರೆ ಸುಮಾರು 43 ಕಿಲೋ. 1984ರಲ್ಲಿ ನಾರ್ತ್ ಕೆರೊಲೈನಾದಲ್ಲಿ ಹಿಡಿದದ್ದು.

ಕೊಲ್ಲಿಯೊಳಗೆ ಇರುವುದು ಮುಖ್ಯವಾಗಿ ಹರೆಯದ ಮೀನು, ಹೊರಗಿನ ಸಮುದ್ರದಲ್ಲಿ ಇರುವುದು ಮೊಟ್ಟೆ ಇಡುವ ಹಿರಿಯ ಮೀನು. ಇಷ್ಟು ನೆನಪಿರಲಿ. ಮುಂದೆ ಬರುವ ಎಲ್ಲ ಕಾನೂನೂ ಇದರ ಮೇಲೇ ನಿಂತಿದೆ.

ಇನ್‌ಶೋರ್ ಅಂದರೆ ನಮ್ಮ ಅಳಿವೆ

ಟೆಕ್ಸಸ್ ಕರಾವಳಿಯ ನಕ್ಷೆ ನೋಡಿದರೆ, ನೆಲಕ್ಕೂ ಸಮುದ್ರಕ್ಕೂ ನಡುವೆ ಗೋಡೆಯ ಹಾಗೆ ಉದ್ದಕ್ಕೆ ಮಲಗಿದ ಮರಳಿನ ದ್ವೀಪಗಳು ಕಾಣುತ್ತವೆ. ಗಾಲ್ವೆಸ್ಟನ್ ಅಂಥದೊಂದು ದ್ವೀಪ. ಅದರ ಹೊರಗೆ ಅಲೆಗಳ ಸಮುದ್ರ. ಒಳಗೆ ಗಾಲ್ವೆಸ್ಟನ್ ಕೊಲ್ಲಿ. ಈ ಒಳಗಿನ ನೀರಿನಲ್ಲಿ ಮೀನು ಹಿಡಿಯುವುದೇ ಇನ್‌ಶೋರ್. ಹೊರಗೆ, ದಡ ಕಾಣದಷ್ಟು ದೂರ ಹೋಗಿ ಹಿಡಿಯುವುದು ಆಫ್‌ಶೋರ್.

ಕುಮಟಾದ ಅಘನಾಶಿನಿ ಅಳಿವೆ ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಅಲ್ಲಿ ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ಸೇರುತ್ತವೆ, ದಡದ ತಗ್ಗಿನ ಗಜನಿ ಗದ್ದೆಗಳಿಗೆ ಭರತದ ನೀರು ನುಗ್ಗುತ್ತದೆ, ಸಿಗಡಿ, ಏಡಿ, ಮೀನಿನ ಮರಿ ಅಲ್ಲೇ ಬೆಳೆಯುತ್ತವೆ. ಗಾಲ್ವೆಸ್ಟನ್ ಕೊಲ್ಲಿಯೂ ಹಾಗೇ. ಟ್ರಿನಿಟಿ, ಸ್ಯಾನ್ ಹಸಿಂಟೊ ನದಿಗಳು ಸಿಹಿನೀರು ತರುತ್ತವೆ. ಗಜನಿಯ ಬದಲು ಮೈಲಿಗಟ್ಟಲೆ ಜೌಗು ಹುಲ್ಲು, ಕಾಂಡ್ಲಾ ಗಿಡಗಳ ಬದಲು ಸಿಂಪಿಯ ದಿಬ್ಬಗಳು. ಅಳತೆ ಮಾತ್ರ ಬೇರೆ: ಸುಮಾರು 600 ಚದರ ಮೈಲಿ. ಇಷ್ಟು ದೊಡ್ಡದಾದರೂ ಸರಾಸರಿ ಆಳ ಏಳು ಅಡಿಯ ಆಸುಪಾಸು. ರೆಡ್‌ಫಿಶ್ ಮೇಯುವ ಅಂಚುಗಳಲ್ಲಂತೂ ಮೊಣಕಾಲು ಮುಳುಗಿದರೆ ಹೆಚ್ಚು.

ವಸಂತದಲ್ಲೇ ಯಾಕೆ?

ಮೀನಿನ ಮೈಯ ಬಿಸಿ, ಸುತ್ತಲಿನ ನೀರಿನ ಬಿಸಿಯಷ್ಟೇ. ಚಳಿಗಾಲದಲ್ಲಿ ಕೊಲ್ಲಿಯ ನೀರು ತಣ್ಣಗಾದಾಗ ರೆಡ್‌ಫಿಶ್ ಆಳದ ಗುಂಡಿ, ಕಾಲುವೆಗಳಲ್ಲಿ ಮಂಕಾಗಿ ಬಿದ್ದಿರುತ್ತದೆ, ತಿನ್ನುವುದೂ ಕಮ್ಮಿ. ತೀರಾ ಚಳಿ ಬಿದ್ದರೆ ಸಾಯುವ ಮೀನುಗಳೂ ಇವೆ. 2021ರ ಫೆಬ್ರವರಿಯ ಹಿಮಗಾಳಿಗೆ ಟೆಕ್ಸಸ್ ಕರಾವಳಿಯಲ್ಲಿ ಕನಿಷ್ಠ 38 ಲಕ್ಷ ಮೀನು ಸತ್ತವೆಂದು ಅಲ್ಲಿನ ವನ್ಯಜೀವಿ ಇಲಾಖೆ ಅಂದಾಜು ಮಾಡಿತ್ತು. ಅದರಲ್ಲಿ ರೆಡ್‌ಫಿಶ್ ಪಾಲು ಕಮ್ಮಿ. ಅದು ಗಟ್ಟಿ ಜೀವ.

ಮಾರ್ಚ್‌ನಲ್ಲಿ ಬಿಸಿಲು ಏರುತ್ತದೆ. ಕಪ್ಪು ಕೆಸರಿನ ತೆಳು ನೀರು ಮೊದಲು ಕಾಯುತ್ತದೆ, ಅಂಗಳದಲ್ಲಿಟ್ಟ ಕಪ್ಪು ತಗಡಿನ ಹಾಗೆ. ಮೀನು ಆ ಬೆಚ್ಚನೆಯ ಕಡೆಗೆ ಬರುತ್ತದೆ. ಅದೇ ಹೊತ್ತಿಗೆ ಊಟವೂ ಬರುತ್ತದೆ. ಹೊರಗಿನ ಸಮುದ್ರದಲ್ಲಿ ಹುಟ್ಟಿದ ಕಂದು ಸಿಗಡಿಯ ಮರಿಗಳು ಚಳಿಗಾಲದ ಕೊನೆಗೆ ಕೊಲ್ಲಿಗೆ ಬಂದು ಹುಲ್ಲಿನಲ್ಲಿ ಬೆಳೆಯುತ್ತಿರುತ್ತವೆ. ಮೇ, ಜೂನ್‌ಗೆ ಬೆರಳುದ್ದವಾಗಿ ವಾಪಸ್ ಕಡಲಿಗೆ ಹೊರಡುತ್ತವೆ. ಏಡಿಗಳು ಓಡು ಕಳಚಿ ಮೆತ್ತಗಾಗುತ್ತವೆ. ಚಳಿಯಲ್ಲಿ ಅರೆಹೊಟ್ಟೆ ಉಂಡ ಮೀನಿಗೆ ಇದು ಮದುವೆ ಊಟ.

ಹಾಗಾಗಿ ವಸಂತದಲ್ಲಿ ಗೈಡ್‌ಗಳು ಕತ್ತಲಲ್ಲೇ ಹೊರಡಬೇಕೆಂದು ಹಟ ಹಿಡಿಯುವುದಿಲ್ಲ. ರಾತ್ರಿ ಚಳಿ ಬಿದ್ದಿದ್ದರೆ, "ಹತ್ತು ಗಂಟೆಗೆ ಬನ್ನಿ, ನೀರು ಕಾಯಲಿ" ಎನ್ನುತ್ತಾರೆ.

ಒಂದು ತಲೆನೋವು ಗಾಳಿ. ವಸಂತದಲ್ಲಿ ಆಗ್ನೇಯದಿಂದ ಬೀಸುವ ಗಾಳಿ ಕೊಲ್ಲಿಯ ನೀರನ್ನು ಕದಡಿ ಚಹಾ ಮಾಡಿಬಿಡುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಅಲ್ವಾ? ಇಲ್ಲಿ ಬಹಳ ದಿನ ಒಂದೊಂದೇ. ಏರಿಳಿತವೂ ಒಂದೂವರೆ ಅಡಿಯ ಸುತ್ತಮುತ್ತ, ಅಷ್ಟೇ. ಹಾಗಾಗಿ ಜೋರು ಗಾಳಿಯ ಮಾತೇ ನಡೆಯುತ್ತದೆ. ಉತ್ತರದ ಗಾಳಿ ಬೀಸಿದರೆ ಅದು ಕೊಲ್ಲಿಯ ನೀರನ್ನು ಹೊರಕ್ಕೆ ತಳ್ಳಿ, ಪಂಚಾಂಗದ ಪ್ರಕಾರ ಭರತ ಇರಬೇಕಾದ ಹೊತ್ತಿನಲ್ಲೂ ಅಂಚಿನ ಕೆಸರು ತೆರೆದು ಬಿದ್ದಿರುತ್ತದೆ. ಬುಕಿಂಗ್ ಮಾಡಿದ ದಿನ ಗಾಳಿಯಿಂದ ರದ್ದಾಗುವುದು ಈ ಕಾಲದಲ್ಲಿ ಮಾಮೂಲು.

ಗೈಡ್‌ಗೆ ಕೊಡುವ ದುಡ್ಡು ಯಾತಕ್ಕೆ?

ದೋಣಿಗೆ ಅಂತ ಅಂದುಕೊಂಡಿದ್ದೆ. ಅಲ್ಲ, ಕಣ್ಣಿಗೆ.

ಗೈಡನ್ನು ಇಲ್ಲಿ ಕ್ಯಾಪ್ಟನ್ ಎಂದೇ ಕರೆಯುತ್ತಾರೆ. ಜನರನ್ನು ಬಾಡಿಗೆಗೆ ಕರೆದೊಯ್ಯಲು ಅಮೆರಿಕದ ಕೋಸ್ಟ್ ಗಾರ್ಡ್ ಕೊಡುವ ಲೈಸೆನ್ಸ್ ಬೇಕು. ಸಾಮಾನ್ಯವಾಗಿ ಇರುವುದಕ್ಕೆ 'ಸಿಕ್ಸ್ ಪ್ಯಾಕ್' ಎಂದು ಅಡ್ಡಹೆಸರು, ಯಾಕೆಂದರೆ ಅದರಲ್ಲಿ ಆರು ಜನರಿಗಿಂತ ಜಾಸ್ತಿ ಗಿರಾಕಿಗಳನ್ನು ಹತ್ತಿಸುವಂತಿಲ್ಲ. ದೋಣಿಯ ತಳ ಹೆಚ್ಚುಕಡಿಮೆ ಚಪ್ಪಟೆ, ಒಂದಡಿ ನೀರಿದ್ದರೂ ತೇಲುತ್ತದೆ. ದೊಡ್ಡ ಇಂಜಿನ್‌ನಲ್ಲಿ ದೂರ ಹೋಗಿ, ಮೀನಿನ ಜಾಗ ಬಂದ ಮೇಲೆ ಅದನ್ನು ಆರಿಸಿ, ಬ್ಯಾಟರಿಯ ಸಣ್ಣ ಮೋಟಾರು ಹಾಕುತ್ತಾರೆ. ಅದೂ ಬೇಡವೆಂದರೆ ಉದ್ದನೆಯ ಗಳ ಊರಿ ತಳ್ಳುವುದು. ಮೊಣಕಾಲುದ್ದ ನೀರಿನಲ್ಲಿ ಡಬ್ಬಿಯ ಮುಚ್ಚಳ ಬಿದ್ದ ಸದ್ದೂ ಮೀನಿಗೆ ಕೇಳುತ್ತದೆ. ನಾನು ನೀರಿನ ಬಾಟಲಿ ಬೀಳಿಸಿದಾಗ ನಮ್ಮ ಕ್ಯಾಪ್ಟನ್ ಏನೂ ಅನ್ನಲಿಲ್ಲ, ಸುಮ್ನೆ ನೋಡಿದರು. ಅಷ್ಟು ಸಾಕಾಗಿತ್ತು.

ಆಮೇಲೆ ಶುರು ಅವರ ನಿಜವಾದ ಕೆಲಸ. ನನಗೆ ಕಂಡದ್ದು ಬರೀ ನೀರು ಮತ್ತು ಹುಲ್ಲು. ಅವರು ತೋರಿಸಿದ್ದು ಬೇರೆ. ಹುಲ್ಲಿನ ಅಂಚಿನಲ್ಲಿ ಒಂದು ಬೆಳ್ಳಕ್ಕಿ ಕುತ್ತಿಗೆ ಚಾಚಿ ನಿಂತಿತ್ತು. ಅಲ್ಲಿ ಸಣ್ಣ ಮೀನಿದೆ ಎಂದರ್ಥ. ಅದರಾಚೆ ನಾಲ್ಕೈದು ಸಿಗಡಿಗಳು ನೀರಿನಿಂದ ಚಿಮ್ಮಿದವು. ಸಿಗಡಿ ಸುಮ್ಮನೆ ಹಾರುವುದಿಲ್ಲ, ಕೆಳಗೆ ಯಾರೋ ಅಟ್ಟುತ್ತಿದ್ದಾರೆ. ಇನ್ನೊಂದು ಕಡೆ ನೀರಿನ ಮೇಲೆ ಬಾಣದ ತುದಿಯಂಥ ಸಣ್ಣ ಅಲೆ, ಗಾಳಿಗೆ ಎದುರಾಗಿ ಹೋಗುತ್ತಿತ್ತು. ಗಾಳಿ ಎಬ್ಬಿಸಿದ ಅಲೆ ಗಾಳಿಗೆ ಎದುರು ಹೋಗಲು ಸಾಧ್ಯವೇ? ಅದು ಮೀನಿನ ಬೆನ್ನು ಸೀಳಿದ ನೀರು. ಎಲ್ಲಕ್ಕಿಂತ ಚೆಂದದ ಗುರುತು ಬಾಲ. ತಲೆ ಕೆಳಗೆ ಮಾಡಿ ಕೆಸರಿನಲ್ಲಿ ಏಡಿ ಹುಡುಕುವಾಗ ರೆಡ್‌ಫಿಶ್‌ನ ಬಾಲ ನೀರಿನ ಮೇಲೆ ಬಂದು ಬಿಸಿಲಿಗೆ ತಾಮ್ರದ ಬೀಸಣಿಗೆಯ ಹಾಗೆ ಅಲ್ಲಾಡುತ್ತದೆ.

ಇವರೆಲ್ಲ ಹಾಕುವ ಕಪ್ಪು ಕನ್ನಡಕ ಶೋಕಿಗೆ ಅಲ್ಲ. ಪೋಲರೈಸ್ಡ್ ಗಾಜು ನೀರಿನ ಮೇಲಿನ ಝಳಪನ್ನು ತಡೆಯುತ್ತದೆ, ತಳ ಕಾಣುತ್ತದೆ. ನನ್ನ ಬಳಿ ಇದ್ದದ್ದು ಮಾಮೂಲಿ ಕೂಲಿಂಗ್ ಗ್ಲಾಸ್. ಮೊದಲ ಒಂದು ಗಂಟೆ ಅವರು "ಅಲ್ಲಿ ಅಲ್ಲಿ" ಎಂದು ತೋರಿಸಿದ ಯಾವುದೂ ನನಗೆ ಕಾಣಲಿಲ್ಲ.

ಬೆಂಡು, ಸಿಗಡಿ, ಗಾಳಿಪಟದ ದಾರ

ಹೊಸಬರ ಕೈಗೆ ಕೊಡುವುದು ಏಳು ಅಡಿಯ ಕೋಲು, ರೀಲು, ಮತ್ತು 'ಪಾಪಿಂಗ್ ಕಾರ್ಕ್' ಎಂಬ ಬೆಂಡು. ನಮ್ಮ ಕೆರೆಯ ಗಾಳಕ್ಕೆ ಕಟ್ಟುವ ಬೆಂಡಿನದೇ ಕೆಲಸ, ಆದರೆ ಇದರ ಮೇಲ್ಭಾಗ ಬಟ್ಟಲಿನ ಹಾಗೆ ಕುಳಿಯಾಗಿದೆ, ಪಕ್ಕದಲ್ಲಿ ಮಣಿಗಳಿವೆ. ಕೋಲನ್ನು ಸಣ್ಣಗೆ ಜಗ್ಗಿದರೆ 'ಗ್ಲಕ್' ಎಂಬ ಸದ್ದು, ಮಣಿಗಳ ಟಕ್ ಟಕ್. ದೂರದ ಮೀನಿಗೆ ಯಾರೋ ಸಿಗಡಿ ತಿನ್ನುತ್ತಿದ್ದಾರೆ ಅನ್ನಿಸುತ್ತದೆ, ಪಾಲು ಕೇಳಲು ಬರುತ್ತದೆ. ಬೆಂಡಿನಿಂದ ಎರಡಡಿ ಕೆಳಗೆ ಜೀವಂತ ಸಿಗಡಿ. ತಲೆಯ ಮುಳ್ಳಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗದ ಹಾಗೆ ಗಾಳ ಚುಚ್ಚುತ್ತಾರೆ. ತಾಗಿದರೆ ಸಿಗಡಿ ಅಲ್ಲೇ ಸಾಯುತ್ತದೆ.

ಗಾಳದ ಆಕಾರವೂ ಬೇರೆ. ತುದಿ ಒಳಕ್ಕೆ ಬಾಗಿ ಹೆಚ್ಚುಕಡಿಮೆ ಉಂಗುರ. ಮೀನು ಕಚ್ಚಿ ತಿರುಗಿದಾಗ ಗಂಟಲಿಗೆ ಇಳಿಯದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಇದರಲ್ಲಿ ಒಂದೇ ನಿಯಮ: ಬೆಂಡು ಮುಳುಗಿದ ಕೂಡಲೆ ಎಳೆಯಬೇಡಿ. ಸುಮ್ನೆ ರೀಲು ಸುತ್ತಿ. ಚಿಕ್ಕಂದಿನಿಂದ ಗಾಳ ಹಾಕಿದವರಿಗೆ ಇದು ಕಷ್ಟ. ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ನನ್ನ ಮೊದಲ ಎರಡು ಮೀನು ಹಾಗೇ ಹೋದವು.

ಸಿಕ್ಕ ಮೇಲೆ ರೀಲಿನಿಂದ 'ಝರ್ರ್' ಎಂದು ದಾರ ಓಡುತ್ತದೆ. ಹೊಸಬರು ಏನೋ ಕೆಟ್ಟಿತು ಅಂದುಕೊಳ್ಳುತ್ತಾರೆ. ಅದು ಡ್ರ್ಯಾಗ್. ದಾರ ಕಡಿಯುವಷ್ಟು ಎಳೆತ ಬರುವ ಮೊದಲೇ ರೀಲು ತಾನೇ ಜಾರಿ ದಾರ ಬಿಡುತ್ತದೆ. ಜೋರು ಗಾಳಿಗೆ ಗಾಳಿಪಟ ಎಳೆದಾಗ ನಾವು ದಾರ ಬಿಡುವುದಿಲ್ಲವೇ, ಅದೇ ಲೆಕ್ಕ. ಮೀನು ಓಡುವಾಗ ಬಿಡುವುದು, ನಿಂತಾಗ ಸುತ್ತುವುದು.

20ರಿಂದ 28 ಇಂಚು: ಮಾವನಿಗೆ ಉತ್ತರ

ಮೀನು ದೋಣಿಗೆ ಬಂದ ಕೂಡಲೆ ಅಳತೆ ಹಲಗೆ ಹೊರಬರುತ್ತದೆ. ಮೂತಿಯನ್ನು ಹಲಗೆಯ ಅಂಚಿಗೆ ಒತ್ತಿ, ಬಾಯಿ ಮುಚ್ಚಿ, ಬಾಲದ ಎರಡು ತುದಿಗಳನ್ನು ಹಿಂಡಿ ಒಂದು ಮಾಡಿ, ಎಲ್ಲಿಗೆ ಮುಟ್ಟಿತೆಂದು ನೋಡುತ್ತಾರೆ. ಟೆಕ್ಸಸ್‌ನಲ್ಲಿ 20 ಇಂಚಿಗಿಂತ ಕಮ್ಮಿ ಇದ್ದರೆ ನೀರಿಗೆ. 28 ದಾಟಿದರೂ ನೀರಿಗೆ. ನಡುವಿನದ್ದು ಮಾತ್ರ ಮನೆಗೆ, ಅದೂ ಒಬ್ಬರಿಗೆ ದಿನಕ್ಕೆ 3. ಈ ನಡುವಿನ ಗೆರೆಗೆ 'ಸ್ಲಾಟ್' ಎಂದು ಹೆಸರು.

ಸಣ್ಣದನ್ನು ಬಿಡುವುದು ಎಲ್ಲರಿಗೂ ಅರ್ಥವಾಗುತ್ತದೆ. ದೊಡ್ಡದನ್ನು ಯಾಕೆ? ಜಾತಕ ನೆನಪಿಸಿಕೊಳ್ಳಿ. 28 ಇಂಚಿನ ಹೊತ್ತಿಗೆ ಮೀನು ಮೊಟ್ಟೆ ಇಡುವ ವಯಸ್ಸಿಗೆ ಬಂದು ಕಡಲಿಗೆ ಹೊರಟಿರುತ್ತದೆ. ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ, ವರ್ಷ ವರ್ಷವೂ ಲಕ್ಷಗಟ್ಟಲೆ ಮೊಟ್ಟೆ ಇಡಬಲ್ಲದು. ಬಿತ್ತನೆಗೆ ಇಟ್ಟ ಭತ್ತವನ್ನು ಯಾರಾದರೂ ಅನ್ನ ಮಾಡಿ ಉಣ್ಣುತ್ತಾರೆಯೇ? ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಕೊಡುವ ಉದ್ದೇಶವೂ ಇದೇ. ನಾವು ತಿಂಗಳು ನೋಡಿ ಬಿಡುತ್ತೇವೆ, ಅವರು ಇಂಚು ನೋಡಿ ಬಿಡುತ್ತಾರೆ.

ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. 1970ರ ದಶಕದಲ್ಲೇ ಟೆಕ್ಸಸ್ ಕೊಲ್ಲಿಗಳಲ್ಲಿ ಬಲೆ ಬಿಟ್ಟು ಬಿಟ್ಟು ಮೀನು ಕಮ್ಮಿಯಾಗಿತ್ತು. ಬಲೆಯವರಿಗೂ ಗಾಳದವರಿಗೂ ದೊಡ್ಡ ಜಗಳವೇ ನಡೆದು, 1981ರಲ್ಲಿ ಟೆಕ್ಸಸ್ ರೆಡ್‌ಫಿಶ್ ಅನ್ನು 'ಗೇಮ್ ಫಿಶ್' ಎಂದು ಸಾರಿತು. ಅಂದರೆ ಅಲ್ಲಿ ಹಿಡಿದು ತಿನ್ನಬಹುದು, ಮಾರುವಂತಿಲ್ಲ. ಅದೇ ಹೊತ್ತಿಗೆ ಪಕ್ಕದ ಲೂಸಿಯಾನಾದ ನ್ಯೂ ಆರ್ಲಿಯನ್ಸ್‌ನಲ್ಲಿ ಪಾಲ್ ಪ್ರುಡೋಮ್ ಎಂಬ ಅಡುಗೆಯವರು ಒಂದು ತಿನಿಸಿನಿಂದ ದೇಶವನ್ನೇ ಮರುಳು ಮಾಡಿದರು. ಮೀನಿನ ತುಂಡನ್ನು ಬೆಣ್ಣೆಯಲ್ಲಿ ಅದ್ದಿ, ಮಸಾಲೆ ಮೆತ್ತಿ, ಹೊಗೆ ಬರುವಷ್ಟು ಕಾದ ಕಬ್ಬಿಣದ ಬಾಣಲೆಗೆ ಹಾಕಿ ಕರಿಬಣ್ಣ ಬರಿಸುವುದು. 'ಬ್ಲ್ಯಾಕನ್ಡ್ ರೆಡ್‌ಫಿಶ್'. ಅಮೆರಿಕದ ಊರೂರಿನ ಹೋಟೆಲುಗಳಿಗೂ ಅದು ಬೇಕಾಯಿತು. ಹೊರ ಸಮುದ್ರದಲ್ಲಿದ್ದ ಹಿರಿಯ ಮೀನುಗಳ ಹಿಂಡನ್ನು ವಿಮಾನದಿಂದ ಗುರುತಿಸಿ ಪರ್ಸೀನ್ ಬಲೆ, ಅಂದರೆ ಇಡೀ ಹಿಂಡನ್ನೇ ಒಳಗೆ ಹಾಕಿ ತಳ ಬಿಗಿಯುವ ದೊಡ್ಡ ಬಲೆ, ಸುತ್ತತೊಡಗಿದರು. ಪರ್ಸೀನ್ ಬಂದು, ದಡದಿಂದ ಎಳೆಯುವ ರಂಪಣಿ ಬಲೆಯ ಗತಿ ಏನಾಯಿತೆಂದು ಕಂಡ ನಮ್ಮ ಕರಾವಳಿಯವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. 1986ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ತುರ್ತು ತಡೆ ಹಾಕಿತು. ಕೇಂದ್ರದ ಹಿಡಿತದ ಹೊರ ಸಮುದ್ರದಿಂದ ರೆಡ್‌ಫಿಶ್ ತರುವುದು ಇಂದಿಗೂ ನಿಷಿದ್ಧ. 2007ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಈ ಮೀನು ಮತ್ತು ಸ್ಟ್ರೈಪ್ಡ್ ಬಾಸ್ ಎಂಬ ಇನ್ನೊಂದು ಮೀನಿನ ರಕ್ಷಣೆಗೆ ಒಂದು ಆದೇಶ ಹೊರಡಿಸಿದರು. ಈಗ ಹೋಟೆಲಿನ ತಟ್ಟೆಗೆ ಬರುವ ರೆಡ್‌ಫಿಶ್ ಬಹುಪಾಲು ಕೊಳದಲ್ಲಿ ಸಾಕಿದ್ದು.

ಟೆಕ್ಸಸ್ ಇನ್ನೊಂದು ಕೆಲಸ ಮಾಡಿತು. ಮರಿಕೇಂದ್ರಗಳ ತೊಟ್ಟಿಯಲ್ಲಿ ಹಿರಿಯ ಮೀನುಗಳನ್ನು ಇಟ್ಟು, ದೀಪ ಉರಿಯುವ ಗಂಟೆಗಳನ್ನೂ ನೀರಿನ ಬಿಸಿಯನ್ನೂ ಬದಲಿಸುತ್ತಾ ಹೋಗುತ್ತಾರೆ. ಹೊರಗೆ ಯಾವ ಕಾಲವಾದರೂ ಇರಲಿ, ಒಳಗಿನ ಮೀನು ಹಗಲು ಚಿಕ್ಕದಾಯಿತು, ಮೊಟ್ಟೆ ಇಡುವ ಕಾಲ ಬಂತು ಅಂದುಕೊಳ್ಳುತ್ತದೆ. ಹೀಗೆ ಬಂದ ಮರಿಗಳನ್ನು 1980ರ ದಶಕದಿಂದ ಕೊಲ್ಲಿಗಳಿಗೆ ಬಿಡುತ್ತಿದ್ದಾರೆ.

ಗೆರೆ ಎಲ್ಲ ರಾಜ್ಯದಲ್ಲೂ ಒಂದೇ ಅಲ್ಲ. ಲೂಸಿಯಾನಾ 2024ರಲ್ಲಿ ಬಿಗಿ ಮಾಡಿ 18ರಿಂದ 27 ಇಂಚು, ದಿನಕ್ಕೆ 4 ಎಂದಿತು. ಫ್ಲಾರಿಡಾದಲ್ಲೂ 18ರಿಂದ 27, ಆದರೆ ಒಬ್ಬರಿಗೆ ಒಂದೇ, ಅಲ್ಲಿನ ಇಂಡಿಯನ್ ರಿವರ್ ಲಗೂನ್‌ನಲ್ಲಂತೂ 2022ರಲ್ಲಿ ಒಂದೂ ಇಲ್ಲ ಎಂದಿದ್ದರು. ನಿಯಮ ಬದಲಾಗುತ್ತಿರುತ್ತದೆ, ಹೋಗುವ ವಾರ ಆ ರಾಜ್ಯದ ಇಲಾಖೆಯ ಪಟ್ಟಿ ನೋಡಿಕೊಳ್ಳಿ.

ಒಂದು ಗುಟ್ಟು. ಟೆಕ್ಸಸ್‌ನಲ್ಲಿ ಲೈಸೆನ್ಸ್ ಜೊತೆ ಒಂದು 'ಟ್ಯಾಗ್' ಬರುತ್ತದೆ. ಅದನ್ನು ಬಳಸಿ ವರ್ಷಕ್ಕೆ ಒಂದು ದೊಡ್ಡ ಮೀನು ಇಟ್ಟುಕೊಳ್ಳಬಹುದು. ನನ್ನದನ್ನು ಅಕ್ಟೋಬರ್‌ನಲ್ಲೇ ದಡದಿಂದ ಹಿಡಿದ ಬುಲ್ ರೆಡ್ ಒಂದಕ್ಕೆ ಬಳಸಿ ಮುಗಿಸಿದ್ದೆ. ಮಾವನಿಗೆ ಇದನ್ನು ಹೇಳಿಲ್ಲ.

ಹೋಗುವ ಮುಂಚೆ

ಬಾಡಿಗೆ ದೋಣಿಗೆ, ತಲೆಗೆ ಅಲ್ಲ. ಅರ್ಧ ದಿನಕ್ಕೂ ನೂರಾರು ಡಾಲರ್ ಆಗುತ್ತದೆ, ಮೂರು ನಾಲ್ಕು ಜನ ಹಂಚಿಕೊಂಡರೆ ಹಗುರ. ಮೇಲೆ ಶೇ. 15ರಿಂದ 20 ಟಿಪ್ಸ್ ವಾಡಿಕೆ. ಟೆಕ್ಸಸ್‌ನಲ್ಲಿ 17 ತುಂಬಿದ ಪ್ರತಿಯೊಬ್ಬರಿಗೂ ಅವರವರ ಲೈಸೆನ್ಸ್ ಬೇಕು. ಊರಿಂದ ಬಂದವರಿಗೆ ಒಂದು ದಿನದ್ದೂ ಸಿಗುತ್ತದೆ. ಫ್ಲಾರಿಡಾದಲ್ಲಿ ಗೈಡ್‌ನ ಲೈಸೆನ್ಸೇ ದೋಣಿಯಲ್ಲಿರುವ ಎಲ್ಲರಿಗೂ ಸಾಕು. ಟೆಕ್ಸಸ್‌ನ ಲೆಕ್ಕದಲ್ಲಿ ಗೈಡ್‌ನ ಪಾಲು ಸೇರುವುದಿಲ್ಲ. ಇಬ್ಬರು ಗಿರಾಕಿಗಳೆಂದರೆ ದೋಣಿಗೆ 6 ಮೀನು, 9 ಅಲ್ಲ. ಗಾಳಿಯಿಂದ ರದ್ದಾದರೆ ಮುಂಗಡ ಏನಾಗುತ್ತದೆ ಎಂದು ಮೊದಲೇ ಕೇಳಿ.

ದೊಡ್ಡದನ್ನು ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈ ಮೀನಿನ ಮೈಯ ಲೋಳೆ ಕಿತ್ತುಬಿಡುತ್ತದೆ. ಬಾಲದ ಬುಡ ಒಂದು ಕೈಯಲ್ಲಿ, ಹೊಟ್ಟೆಯ ಕೆಳಗೆ ಇನ್ನೊಂದು. ತಲೆಯನ್ನು ನೀರು ಬರುವ ದಿಕ್ಕಿಗೆ ಹಿಡಿದರೆ ಸುಸ್ತಾದ ಮೀನಿನ ಕಿವಿರಿನಲ್ಲಿ ನೀರು ಹರಿಯುತ್ತದೆ. ಅರ್ಧ ನಿಮಿಷದಲ್ಲಿ ಬಾಲಕ್ಕೆ ಬಲ ಬರುತ್ತದೆ. ಆ ಏಟಿಗೆ ಮುಖದ ತುಂಬಾ ನೀರು ಗ್ಯಾರಂಟಿ.

ತಲೆ ಯಾರಿಗೆ?

ದೋಣಿಯಲ್ಲೇ ತಲೆ, ಬಾಲ ಕತ್ತರಿಸುವಂತಿಲ್ಲ, ಅಳೆಯಲು ಬರಬೇಕಲ್ಲ. ದಡಕ್ಕೆ ಬಂದ ಮೇಲೆ ಕ್ಯಾಪ್ಟನ್ ಚಾಕು ಹಿಡಿಯುತ್ತಾರೆ. ಬಹಳ ಜನ ಕೇಳುವುದು 'ಹಾಫ್ ಶೆಲ್'. ಒಂದು ಬದಿಯ ಮಾಂಸವನ್ನು ಮುಳ್ಳಿನಿಂದ ಬಿಡಿಸಿ, ಚರ್ಮ ಮತ್ತು ಹುರುಪೆ ಹಾಗೇ ಬಿಡುವುದು. ಹುರುಪೆ ಕೆಳಗೆ ಮಾಡಿ ಕೆಂಡದ ಮೇಲಿಟ್ಟರೆ ದಪ್ಪ ಹುರುಪೆಯೇ ಬಾಣಲೆ. ಮೇಲೆ ಬೆಣ್ಣೆ, ಬೆಳ್ಳುಳ್ಳಿ, ನಿಂಬೆ. ಬೆಂದ ಮೇಲೆ ಚಮಚದಲ್ಲಿ ಬಿಡಿಸಿ ತಿನ್ನಬಹುದು.

ಉಳಿದ ತಲೆ, ಮುಳ್ಳಿಗೆ ಕಟ್ಟೆಯ ಕೆಳಗೆ ಪೆಲಿಕನ್‌ಗಳು ಸಾಲಾಗಿ ಕಾದಿದ್ದವು. ಎರಡು ತಲೆ ನನಗೆ ಬೇಕು ಎಂದೆ. ಕ್ಯಾಪ್ಟನ್ ಚಾಕು ನಿಲ್ಲಿಸಿ, "ನಾಯಿಗಾ?" ಎಂದು ಕೇಳಿದರು. ಸಾರಿಗೆ ಎಂದೆ. ಅವತ್ತು ರಾತ್ರಿ ಕೊಬ್ಬರಿ, ಒಣಮೆಣಸು, ಅಮ್ಮ ಊರಿಂದ ತಂದಿದ್ದ ಜುಮ್ಮನಕಾಯಿ ಹಾಕಿ ತಲೆಯ ಸಾರು ಆಯಿತು. ಅದರ ಫೋಟೊವನ್ನೂ ಗುಂಪಿಗೆ ಹಾಕಿದೆ. ಮಾವ ಈ ಸಲ ಫೋನ್ ಮಾಡಲಿಲ್ಲ. "ಇದು ಎಷ್ಟು ಇಂಚಿಂದು?" ಎಂದು ಮೆಸೇಜ್ ಹಾಕಿದ್ದರು. 24 ಎಂದು ಬರೆದೆ.